ಬೀದಿ ದೀಪದ ಸಭೆಯಲ್ಲಿ ಯುದ್ಧದ ಮಾತು

2003ರ ಜನವರಿ 16ರಂದು ಶಿಕಾಗೊ ನಗರಸಭೆ ಸೇರಿತ್ತು. ಕಸ ವಿಲೇವಾರಿ, ಕುಡಿಯುವ ನೀರು, ಬೀದಿ ದೀಪ, ಕಟ್ಟಡ ಪರವಾನಗಿ, ಪೊಲೀಸರ ಸಂಬಳ: ಎಲ್ಲ ಊರಿನ ನಗರಸಭೆಗಳಂತೆ ಆ ಸಭೆಯ ನಿತ್ಯದ ಕೆಲಸವೂ ಇವೇ. ಅಂದು ಅದರ ಮುಂದೆ ಬಂದ ಒಂದು ಗೊತ್ತುವಳಿ ಮಾತ್ರ ಹತ್ತು ಸಾವಿರ ಕಿಲೊಮೀಟರ್ ಆಚೆಯ ಇರಾಕಿಗೆ ಸಂಬಂಧಿಸಿದ್ದು. ಅಮೆರಿಕದ ಸುರಕ್ಷತೆಗೆ ಇರಾಕಿನಿಂದ ನಿಜವಾದ, ತಕ್ಷಣದ ಅಪಾಯವಿದೆ ಎಂದು ರುಜುವಾತಾಗದ ಹೊರತು ಆ ದೇಶದ ಮೇಲೆ ನಾವಾಗಿ ಮೊದಲು ದಾಳಿ ಮಾಡುವುದಕ್ಕೆ ಈ ನಗರದ ವಿರೋಧವಿದೆ ಎಂಬುದು ಅದರ ಸಾರ. 50 ಸದಸ್ಯರ ಸಭೆಯಲ್ಲಿ ಪರವಾಗಿ 46 ಮತ ಬಿದ್ದವು. ವಿರುದ್ಧ ಬಿದ್ದದ್ದು ಒಂದೇ ಒಂದು.

ಈ ಲೆಕ್ಕವನ್ನು ಮೂರು ತಿಂಗಳ ಹಿಂದಿನ ಇನ್ನೊಂದು ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. 2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸತ್ತು ಇರಾಕಿನ ಮೇಲೆ ಸೇನೆ ಬಳಸುವ ಅಧಿಕಾರವನ್ನು ಅಧ್ಯಕ್ಷ ಜಾರ್ಜ್ ಬುಷ್ ಅವರ ಕೈಗೆ ಕೊಟ್ಟಿತ್ತು. ಪ್ರತಿನಿಧಿ ಸಭೆಯಲ್ಲಿ 296 ಮತ ಪರ, 133 ವಿರುದ್ಧ. ಸೆನೆಟ್‌ನಲ್ಲಿ 77 ಪರ, 23 ವಿರುದ್ಧ. ದೇಶದ ಗುಪ್ತಚರ ವರದಿಗಳನ್ನು ತರಿಸಿಕೊಂಡು ಓದುವ ಅವಕಾಶವಿದ್ದವರು ಹೂಂ ಅಂದಿದ್ದರು. ಚರಂಡಿ, ರಸ್ತೆಗಳ ಲೆಕ್ಕ ನೋಡುವವರು ‘ಸಾಕ್ಷಿ ಎಲ್ಲಿ?’ ಎಂದು ಕೇಳಿದರು. ಮುಂದೆ ನಡೆದದ್ದನ್ನೆಲ್ಲ ಬಲ್ಲ ನಮಗೆ ಯಾರು ಸರಿಯಾದ ಪ್ರಶ್ನೆ ಕೇಳಿದ್ದರು ಎಂಬುದರಲ್ಲಿ ಅನುಮಾನ ಉಳಿದಿಲ್ಲ.

ಯುದ್ಧ ಮಾಡುವುದು, ಬಿಡುವುದು ರಾಜಧಾನಿಯ ಕೆಲಸ. ಊರಿನ ಸಭೆಗೆ ಅದರಲ್ಲೇನು ಕೆಲಸ ಎಂಬ ಮಾತು ಅಂದೂ ಕೇಳಿತ್ತು, ಇಂದೂ ಕೇಳುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ, ಅದಕ್ಕೆ ಉತ್ತರ ಹೇಳಲೇಬೇಕು. ನನ್ನ ಉತ್ತರ ಇದು: ಯುದ್ಧದ ಆದೇಶ ರಾಜಧಾನಿಯಿಂದ ಹೊರಡುತ್ತದೆ ನಿಜ, ಆದರೆ ಅದರ ಬಿಲ್ಲು ಬಂದು ಬೀಳುವುದು ಊರಿನ ಮೇಜಿನ ಮೇಲೆ. ಬಿಲ್ಲು ಕಟ್ಟುವವರಿಗೆ ಬಿಲ್ಲು ಬರುವ ಮೊದಲೇ ಮಾತಾಡುವ ಹಕ್ಕಿದೆ.

ಗೊತ್ತುವಳಿಯಲ್ಲಿ ಏನಿತ್ತು

ಶಿಕಾಗೊದ ಗೊತ್ತುವಳಿಯನ್ನು ಮಂಡಿಸುವಲ್ಲಿ ಮುಂದಿದ್ದವರು ನಗರದ ಉತ್ತರ ಅಂಚಿನ 49ನೇ ವಾರ್ಡಿನ ಸದಸ್ಯ ಜೋ ಮೂರ್. ನಾನಾ ದೇಶಗಳಿಂದ ಬಂದವರು ಬೆರೆತು ಬಾಳುವ ರಾಜರ್ಸ್ ಪಾರ್ಕ್ ಬಡಾವಣೆ ಅವರ ವಾರ್ಡು. ಗೊತ್ತುವಳಿಯ ಒಕ್ಕಣೆಯನ್ನು ಓದಿದರೆ ಅದು ಬೀದಿ ಮೆರವಣಿಗೆಯ ಘೋಷಣೆಯಂತಿಲ್ಲ. ಸದ್ದಾಂ ಹುಸೇನ್ ಕ್ರೂರ ಸರ್ವಾಧಿಕಾರಿ, ಇರಾಕಿನ ಜನರ ಒಳಿತಿಗೂ ನೆರೆಯ ದೇಶಗಳ ನೆಮ್ಮದಿಗೂ ಅವರು ಅಧಿಕಾರದಿಂದ ಇಳಿಯಬೇಕು ಎಂಬುದನ್ನು ಅದು ಮೊದಲೇ ಒಪ್ಪಿಕೊಳ್ಳುತ್ತದೆ. ಆದರೆ ಅಮೆರಿಕ ಒಂಟಿಯಾಗಿ ನುಗ್ಗಿದರೆ ಅಲ್ಲಿ ಪ್ರಜಾಪ್ರಭುತ್ವ ಬರುತ್ತದೆ ಎಂಬುದಕ್ಕೆ ಖಾತ್ರಿ ಏನು ಎಂದು ಕೇಳುತ್ತದೆ. ಸಾವಿರಾರು ಇರಾಕಿ ನಾಗರಿಕರು ಸಾಯಬಹುದು, ಇದು ವಿಶ್ವಸಂಸ್ಥೆಯ ಸನ್ನದಿಗೆ ವಿರುದ್ಧ ಎನ್ನುತ್ತದೆ. ಸೈನಿಕರ ಬಗ್ಗೆ ಗೌರವ, ಬೆಂಬಲದ ಮಾತೂ ಅದರಲ್ಲಿದೆ. ಇವುಗಳ ನಡುವೆ ಒಂದು ಅಂಶ ಹಣದ್ದು: ಯುದ್ಧಕ್ಕೆ ಇಷ್ಟು ಖರ್ಚಾದರೆ ಕೇಂದ್ರದಿಂದ ನಮ್ಮ ನಗರಕ್ಕೆ ಬರುವ ಅನುದಾನಕ್ಕೆ ಕತ್ತರಿ ಬೀಳುತ್ತದೆ.

ಇಡೀ ಗೊತ್ತುವಳಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ಕೊನೆಯ ಅಂಶವೇ. ಅಂತರರಾಷ್ಟ್ರೀಯ ಕಾನೂನಿನ ಬಗ್ಗೆ ಮಾತಾಡಲು ಪರಿಣತರಿದ್ದಾರೆ. ಶಾಲೆ ಮುಗಿದ ಮೇಲೆ ಮಕ್ಕಳು ಹೋಗುವ ಕೇಂದ್ರ ಮುಚ್ಚಿದರೆ ಯಾವ ಬೀದಿಯ ಯಾವ ತಾಯಿ ಕೆಲಸ ಬಿಡಬೇಕಾಗುತ್ತದೆ ಎಂದು ಹೇಳಬಲ್ಲವರು ವಾರ್ಡಿನ ಸದಸ್ಯರು ಮಾತ್ರ.

ಖರ್ಚಿನ ಅಂದಾಜು ಆಗಲೇ ಎಲ್ಲರ ಮುಂದಿತ್ತು. 2002ರ ಸೆಪ್ಟೆಂಬರ್ ಕೊನೆಯಲ್ಲಿ ಸಂಸತ್ತಿನ ಬಜೆಟ್ ಕಚೇರಿ ಕೊಟ್ಟ ಲೆಕ್ಕದಂತೆ ಸೇನೆಯನ್ನು ಕೊಲ್ಲಿಗೆ ಸಾಗಿಸಲು 900ರಿಂದ 1,300 ಕೋಟಿ ಡಾಲರ್, ಯುದ್ಧ ನಡೆಯುವಷ್ಟು ಕಾಲ ತಿಂಗಳಿಗೆ 600ರಿಂದ 900 ಕೋಟಿ ಡಾಲರ್. ಅಧ್ಯಕ್ಷರ ಆರ್ಥಿಕ ಸಲಹೆಗಾರ ಲಾರೆನ್ಸ್ ಲಿಂಡ್ಸೆ ಒಟ್ಟು ಖರ್ಚು 10ರಿಂದ 20 ಸಾವಿರ ಕೋಟಿ ಡಾಲರ್ ಆಗಬಹುದು ಎಂದು ಪತ್ರಿಕೆಗೆ ಹೇಳಿದರು. ಸರ್ಕಾರ ಆ ಅಂಕಿಯನ್ನು ಒಪ್ಪಲಿಲ್ಲ, ಡಿಸೆಂಬರ್‌ನಲ್ಲಿ ಅವರು ಹುದ್ದೆ ಬಿಡಬೇಕಾಯಿತು. ಆಮೇಲೆ ಆದ ಖರ್ಚಿನ ಮುಂದೆ ಅವರ ಅಂದಾಜೂ ತೀರಾ ಸಣ್ಣದಾಗಿ ಹೋಯಿತು. ಅರ್ಥಶಾಸ್ತ್ರಜ್ಞ ಜೋಸೆಫ್ ಸ್ಟಿಗ್ಲಿಟ್ಜ್ ಮತ್ತು ಲಿಂಡಾ ಬಿಲ್ಮ್ಸ್ 2008ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲೇ ಲೆಕ್ಕ ಇದೆ: ಮೂರು ಲಕ್ಷ ಕೋಟಿ ಡಾಲರ್.

ಸಣ್ಣ ಊರುಗಳಿಂದ ನ್ಯೂಯಾರ್ಕ್‌ವರೆಗೆ

ಶಿಕಾಗೊ ಮೊದಲನೆಯ ನಗರವೇನಲ್ಲ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್, ಬರ್ಕ್ಲಿ, ನ್ಯೂಯಾರ್ಕ್ ರಾಜ್ಯದ ಇಥಾಕಾ ಮೊದಲಾದ ವಿಶ್ವವಿದ್ಯಾಲಯದ ಊರುಗಳು 2002ರಲ್ಲೇ ದಾರಿ ಹಾಕಿದ್ದವು. ಓದಿದವರ ಊರುಗಳು, ಅವರದ್ದು ಯಾವಾಗಲೂ ಇದೇ ಹಾಡು ಎಂದು ಅವನ್ನು ಪಕ್ಕಕ್ಕೆ ಸರಿಸುವುದು ಸುಲಭವಿತ್ತು. ಕಾರ್ಖಾನೆಗಳು ಮುಚ್ಚಿ ಸೊರಗಿದ್ದ ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಬಾಲ್ಟಿಮೋರ್‌ನಂಥ ನಗರಗಳು ಸೇರಿಕೊಂಡ ಮೇಲೆ ಆ ಮಾತು ನಡೆಯಲಿಲ್ಲ. ಫಿಲಡೆಲ್ಫಿಯಾ ಬಂತು, ಸಿಯಾಟಲ್ ಬಂತು. ವಾಷಿಂಗ್ಟನ್ನಿನ ‘ಇನ್‌ಸ್ಟಿಟ್ಯೂಟ್ ಫಾರ್ ಪಾಲಿಸಿ ಸ್ಟಡೀಸ್’ ಸಂಸ್ಥೆ ‘ಸಿಟೀಸ್ ಫಾರ್ ಪೀಸ್’ ಎಂಬ ಹೆಸರಿನಲ್ಲಿ ಈ ಊರುಗಳನ್ನು ಒಂದಕ್ಕೊಂದು ಬೆಸೆಯಿತು. ಯುದ್ಧ ಶುರುವಾಗುವ ಹೊತ್ತಿಗೆ ನೂರೈವತ್ತಕ್ಕೂ ಹೆಚ್ಚು ನಗರ, ಪಟ್ಟಣ, ಕೌಂಟಿಗಳು ಗೊತ್ತುವಳಿ ಅಂಗೀಕರಿಸಿದ್ದವು.

ಈ ಗೊತ್ತುವಳಿಗಳು ಹುಟ್ಟಿದ ಬಗೆಯನ್ನು ನಮ್ಮ ಓದುಗರು ಗಮನಿಸಬೇಕು. ಅಮೆರಿಕದ ಬಹುತೇಕ ನಗರಸಭೆಗಳಲ್ಲಿ ಸಾರ್ವಜನಿಕರು ಎದ್ದು ಮಾತಾಡಲು ಒಂದು ಹೊತ್ತು ಮೀಸಲಿರುತ್ತದೆ. ಹೆಸರು ಬರೆಸಿದರೆ ಒಬ್ಬೊಬ್ಬರಿಗೆ ಎರಡೋ ಮೂರೋ ನಿಮಿಷ ಮೈಕು ಸಿಗುತ್ತದೆ. ಎಂದಿನ ದಿನಗಳಲ್ಲಿ ಅಲ್ಲಿಗೆ ಬರುವವರು ಮನೆ ಮುಂದಿನ ಗುಂಡಿಯ ದೂರು ತಂದವರು, ನೀರಿನ ದರ ಏರಿದ್ದಕ್ಕೆ ಸಿಟ್ಟಾದವರು. 2002–03ರ ಆ ಚಳಿಗಾಲದಲ್ಲಿ ಅದೇ ಮೈಕಿನ ಮುಂದೆ ವಿಯೆಟ್ನಾಂ ಯುದ್ಧದಿಂದ ಮರಳಿದ ಮುದುಕರು, ಚರ್ಚಿನ ಪಾದ್ರಿಗಳು, ಶಾಲಾ ಶಿಕ್ಷಕಿಯರು, ಮಗನನ್ನು ಸೇನೆಗೆ ಕಳಿಸಿದ ತಾಯಂದಿರು ಸಾಲು ನಿಂತರು. ಯುದ್ಧ ಬೇಕು ಎನ್ನುವವರೂ ಅದೇ ಸಾಲಿನಲ್ಲಿದ್ದರು, ಅವರ ಮಾತೂ ದಾಖಲಾಯಿತು. ಕೆಲವು ಊರುಗಳಲ್ಲಿ ಗೊತ್ತುವಳಿ ಸೋತಿತು.

ಫೆಬ್ರುವರಿ 5ರಂದು ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯ ಮುಂದೆ ಇರಾಕಿನ ಅಸ್ತ್ರಗಳ ‘ಸಾಕ್ಷ್ಯ’ ಇಟ್ಟರು. ಫೆಬ್ರುವರಿ 15ರಂದು ಲಂಡನ್, ರೋಮ್, ನ್ಯೂಯಾರ್ಕ್ ಸೇರಿ ಜಗತ್ತಿನ ನೂರಾರು ನಗರಗಳಲ್ಲಿ ಜನ ಬೀದಿಗಿಳಿದರು. 21ರಂದು ಲಾಸ್ ಏಂಜಲೀಸ್ ನಗರಸಭೆ 9–4 ಮತಗಳಿಂದ ಯುದ್ಧಕ್ಕೆ ವಿರೋಧ ಸೂಚಿಸಿತು. ಇನ್ನುಳಿದದ್ದು ನ್ಯೂಯಾರ್ಕ್.

ನ್ಯೂಯಾರ್ಕಿನ ಕಷ್ಟವೇ ಬೇರೆ. 2001ರ ಸೆಪ್ಟೆಂಬರ್ 11ರಂದು ಎರಡು ಗೋಪುರಗಳು ಕುಸಿದು ಎರಡೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತ ಊರು ಅದು. ಸತ್ತವರಲ್ಲಿ ನಗರದ ಅಗ್ನಿಶಾಮಕ ದಳದವರೇ 343 ಮಂದಿ. ಯುದ್ಧ ಬೇಡ ಎಂದರೆ ಸತ್ತವರಿಗೆ ಮಾಡಿದ ದ್ರೋಹವಾದೀತು ಎನ್ನುವ ಮಾತಿಗೆ ಆ ಊರಿನಲ್ಲಿ ಇದ್ದ ತೂಕ ಬೇರೆಲ್ಲೂ ಇರಲಿಲ್ಲ. ಗೊತ್ತುವಳಿಯನ್ನು ಮುಂದೆ ತಂದವರಲ್ಲಿ ಪ್ರಮುಖರಾದ ಅಲನ್ ಗರ್ಸನ್ ಆ ಗೋಪುರಗಳಿದ್ದ ಕೆಳ ಮ್ಯಾನ್‌ಹಟನ್ನಿನ ಸದಸ್ಯರೇ. ಮಾರ್ಚ್ 12ರಂದು 31–17 ಮತಗಳಿಂದ ಅದು ಅಂಗೀಕಾರವಾಯಿತು: ಉಳಿದ ದಾರಿಗಳೆಲ್ಲ ಸೋಲುವ ತನಕ, ಅಪಾಯ ರುಜುವಾತಾಗುವ ತನಕ ಯುದ್ಧ ಬೇಡ. ಅತಿ ಹೆಚ್ಚು ನೊಂದ ಊರೇ ಹಾಗೆ ಹೇಳಿದ್ದು ಆ ಇಡೀ ಅಧ್ಯಾಯದಲ್ಲಿ ನಾನು ಅತ್ಯಂತ ಗೌರವಿಸುವ ಸಂಗತಿ. ಒಂದು ವಾರ ಕಳೆದ ಮೇಲೆ, ಮಾರ್ಚ್ 20ರ ಬೆಳಗಿನ ಜಾವ ಬಾಗ್ದಾದಿನ ಮೇಲೆ ಬಾಂಬು ಬಿತ್ತು.

ಊರಿನ ಬಾಬ್ತು

ಊರಿಗೂ ಯುದ್ಧಕ್ಕೂ ನಂಟು ಹಣದಲ್ಲಿ ಮಾತ್ರವಲ್ಲ, ಮನುಷ್ಯರಲ್ಲೂ ಇದೆ. ಅಮೆರಿಕದ ಸೇನೆಯ ದೊಡ್ಡ ಪಾಲು ನ್ಯಾಷನಲ್ ಗಾರ್ಡ್ ಮತ್ತು ಮೀಸಲು ಪಡೆ. ಅದರಲ್ಲಿರುವವರು ಮನೆಯಲ್ಲಿದ್ದುಕೊಂಡೇ ಬೇರೆ ನೌಕರಿ ಮಾಡುತ್ತ ತಿಂಗಳಿಗೊಮ್ಮೆ ವಾರಾಂತ್ಯದ ತರಬೇತಿಗೆ ಹೋಗುವವರು. ಅವರಲ್ಲಿ ಎಷ್ಟೋ ಮಂದಿ ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ಆಂಬುಲೆನ್ಸಿನವರು. ಹತ್ತು ಪೊಲೀಸರಿರುವ ಊರಿನಿಂದ ಇಬ್ಬರನ್ನು ಇರಾಕಿಗೆ ಕರೆಸಿಕೊಂಡರೆ ರಾತ್ರಿ ಗಸ್ತಿಗೆ ಯಾರು? ಉಳಿದವರಿಗೆ ಹೆಚ್ಚುವರಿ ಪಾಳಿಯ ಹಣ ಯಾವ ಲೆಕ್ಕದಿಂದ? ಯುದ್ಧಕ್ಕೆ ಮತ ಹಾಕುವ ಸೆನೆಟರರ ಮುಂದೆ ಈ ಪ್ರಶ್ನೆ ಬರುವುದಿಲ್ಲ, ಊರಿನ ಮೇಯರ್ ಮುಂದೆ ಬಂದೇ ಬರುತ್ತದೆ.

ಇದು ಚೆನ್ನಾಗಿ ಅರ್ಥವಾದದ್ದು ವರ್ಮಾಂಟ್ ರಾಜ್ಯದ ಹಳ್ಳಿಗಳಿಗೆ. ಈಶಾನ್ಯ ಮೂಲೆಯ ಆ ಪುಟ್ಟ ಗುಡ್ಡಗಾಡು ರಾಜ್ಯದಲ್ಲಿ ಪ್ರತಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರ ಸಭೆ. ಹಿಮ ಇನ್ನೂ ಕರಗಿರುವುದಿಲ್ಲ. ಜನ ದಪ್ಪ ಕೋಟು, ಬೂಟುಗಳಲ್ಲಿ ಶಾಲೆಯ ಸಭಾಂಗಣಕ್ಕೋ ಪಂಚಾಯಿತಿ ಕಟ್ಟಡಕ್ಕೋ ಬಂದು ಮಡಿಸುವ ಕುರ್ಚಿಗಳ ಮೇಲೆ ಕೂರುತ್ತಾರೆ. ಹಿಮ ತೆಗೆಯುವ ಲಾರಿ ಹೊಸದು ಕೊಳ್ಳಬೇಕೇ, ಶಾಲೆಯ ಬಜೆಟ್ಟು ಎಷ್ಟು, ಸೇತುವೆ ರಿಪೇರಿ ಈ ವರ್ಷವೋ ಮುಂದಿನ ವರ್ಷವೋ, ಎಲ್ಲವನ್ನೂ ಕೈ ಎತ್ತಿಯೋ ‘ಹೌದು’, ‘ಇಲ್ಲ’ ಎಂದು ಕೂಗಿಯೋ ತೀರ್ಮಾನಿಸುತ್ತಾರೆ. ಮಧ್ಯಾಹ್ನ ಕೂಡಿ ಊಟ ಮಾಡುವ ರೂಢಿಯೂ ಎಷ್ಟೋ ಊರುಗಳಲ್ಲಿದೆ. 1982ರ ಮಾರ್ಚ್‌ನಲ್ಲಿ ಇಂಥ ನೂರೈವತ್ತಕ್ಕೂ ಹೆಚ್ಚು ಊರ ಸಭೆಗಳು ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎರಡೂ ಅಣ್ವಸ್ತ್ರ ತಯಾರಿಕೆಯನ್ನು ಇದ್ದಲ್ಲೇ ನಿಲ್ಲಿಸಬೇಕು ಎಂದು ಕೇಳಿದವು. ಅದೇ ವರ್ಷದ ಜೂನ್ 12ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಲಕ್ಷಾಂತರ ಜನ ಸೇರಿದ ಅಣ್ವಸ್ತ್ರ ವಿರೋಧಿ ಸಭೆಗೆ ಬಲ ಬಂದದ್ದು ಇಂಥ ಊರುಗಳಿಂದ.

2005ರ ಮಾರ್ಚ್‌ನಲ್ಲಿ ಅದೇ ವರ್ಮಾಂಟಿನ ಸುಮಾರು 50 ಊರುಗಳು ಇರಾಕ್ ಯುದ್ಧದ ಬಗ್ಗೆ ಗೊತ್ತುವಳಿ ಒಪ್ಪಿದವು. ಬರೀ ‘ಸೈನ್ಯ ವಾಪಸು ಕರೆಸಿ’ ಎನ್ನುವುದಕ್ಕೆ ಅವು ನಿಲ್ಲಲಿಲ್ಲ. ನಮ್ಮ ನ್ಯಾಷನಲ್ ಗಾರ್ಡ್ ಹೊರದೇಶಕ್ಕೆ ಹೋಗಿರುವುದರಿಂದ ರಾಜ್ಯದ ಮೇಲೆ ಏನೇನು ಪರಿಣಾಮ ಆಗಿದೆ ಎಂದು ವಿಧಾನಸಭೆ ಪರಿಶೀಲಿಸಬೇಕು ಎಂದು ಕೇಳಿದವು. ಪ್ರವಾಹ ಬಂದರೆ, ಹಿಮಗಾಳಿ ಬಂದರೆ ನೆರವಿಗೆ ಬರಬೇಕಾದ ಪಡೆ ಅದೇ. ಊರಿನ ಸಭೆ ಯುದ್ಧದ ಬಗ್ಗೆ ಹೀಗೆ ಮಾತಾಡಬೇಕು: ತನ್ನ ಊರಿನ ಮಣ್ಣಿನ ಮೇಲೆ ನಿಂತು, ತನಗೆ ಗೊತ್ತಿರುವ ಲೆಕ್ಕದಿಂದ.

ಇದಕ್ಕೂ ಹಿಂದೆ ವಿಯೆಟ್ನಾಂ ಕಾಲದಲ್ಲಿ ದಾರಿ ಇಷ್ಟು ಸಲೀಸಾಗಿರಲಿಲ್ಲ. 1966ರಲ್ಲಿ ಮಿಷಿಗನ್ನಿನ ಡಿಯರ್‌ಬಾರ್ನ್ ಊರಿನಲ್ಲಿ ಯುದ್ಧ ನಿಲ್ಲಿಸಿ ಸೇನೆಯನ್ನು ವಾಪಸು ಕರೆಸಬೇಕೇ ಎಂದು ಮತದಾರರನ್ನೇ ಕೇಳಿದಾಗ ನೂರಕ್ಕೆ ಸುಮಾರು 40 ಮಂದಿ ಹೌದು ಎಂದರು; ಪ್ರಶ್ನೆ ಸೋತಿತು. ಮರುವರ್ಷ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಇಂಥದೇ ಪ್ರಶ್ನೆಗೆ ಶೇ 37ರಷ್ಟು ಮತ. ಎರಡು ವರ್ಷ ಬಿಟ್ಟು ಡಿಯರ್‌ಬಾರ್ನ್ ಮತ್ತೆ ಮತ ಹಾಕಿದಾಗ ಬಹುಮತ ಯುದ್ಧದ ವಿರುದ್ಧ ತಿರುಗಿತ್ತು. ಆ ಊರಿನ ಮೇಯರ್ ಓರ್ವಿಲ್ ಹಬ್ಬರ್ಡ್ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದವರು. ಅವರೇ ಕಪ್ಪು ಜನ ತನ್ನ ಊರಿನಲ್ಲಿ ನೆಲೆಸದಂತೆ ನೋಡಿಕೊಂಡದ್ದಕ್ಕೆ ದೇಶಕ್ಕೆಲ್ಲ ಕುಖ್ಯಾತರಾಗಿದ್ದವರು. ಯುದ್ಧ ಬೇಡ ಎಂದವರೆಲ್ಲ ಒಳ್ಳೆಯವರು ಎಂದು ನಂಬಿಬಿಡಬಾರದು. ಹಾಗೆಂದು ಅವರ ಊರಿನವರು ಹಾಕಿದ ಮತ ಸುಳ್ಳಾಗುವುದಿಲ್ಲ.

ಬಂದರಿನ ಕೀಲಿ ಯಾರ ಕೈಯಲ್ಲಿ

ಬರೀ ಗೊತ್ತುವಳಿಗೆ ಹಲ್ಲಿಲ್ಲ ಎನ್ನುತ್ತಾರೆ. ಹೆಚ್ಚಿನ ಸಲ ನಿಜ. ಆದರೆ ಯುದ್ಧ ಎನ್ನುವುದು ನೂರೆಂಟು ಸ್ಥಳೀಯ ಕೆಲಸಗಳ ಮೇಲೆ ನಿಂತಿರುತ್ತದೆ; ಬಂದರು, ಆಸ್ಪತ್ರೆ, ಆಹಾರ ಹಂಚಿಕೆ, ಆಶ್ರಯ ತಾಣ. ಆ ಕೆಲಸ ಊರಿನ ಸಭೆಯ ಕೈಯಲ್ಲಿದ್ದರೆ ಗೊತ್ತುವಳಿಗೆ ಹಲ್ಲೂ ಬರುತ್ತದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರಸಭೆ 1980ರ ನವೆಂಬರ್ 5ರಂದು ತನ್ನ ನಗರವನ್ನು ಅಣ್ವಸ್ತ್ರಮುಕ್ತ ಎಂದು ಘೋಷಿಸಿಕೊಂಡಿತು. ಜಗತ್ತಿನಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಬ್ರಿಟನ್ನಿನ ಹತ್ತಾರು ಕೌನ್ಸಿಲ್‌ಗಳು ಹಿಂಬಾಲಿಸಿದವು. 1982ರ ಫೆಬ್ರುವರಿ ಹೊತ್ತಿಗೆ ವೇಲ್ಸ್‌ನ ಎಲ್ಲ ಕೌಂಟಿಗಳೂ ಸೇರಿದ್ದವು. ಅದೇ ವರ್ಷ ಸರ್ಕಾರ ‘ಹಾರ್ಡ್ ರಾಕ್’ ಎಂಬ ಹೆಸರಿನ ದೊಡ್ಡ ನಾಗರಿಕ ರಕ್ಷಣಾ ತಾಲೀಮಿಗೆ ಸಿದ್ಧತೆ ಮಾಡಿತು. ಅಣುಬಾಂಬು ಬಿದ್ದ ಮೇಲೆ ಬದುಕಿದವರಿಗೆ ಅನ್ನ ಹಂಚುವುದು, ಹೆಣಗಳ ವಿಲೇವಾರಿ, ಆಡಳಿತ ಮರಳಿ ಕಟ್ಟುವುದು ಇವನ್ನೆಲ್ಲ ಕಾಗದದ ಮೇಲೆ ಅಭ್ಯಾಸ ಮಾಡಬೇಕಾದವರು ಸ್ಥಳೀಯ ಅಧಿಕಾರಿಗಳು. ಅನೇಕ ಕೌನ್ಸಿಲ್‌ಗಳು ಭಾಗವಹಿಸುವುದಿಲ್ಲ ಎಂದವು. ಬದುಕಿ ಉಳಿಯಬಹುದಾದ ಅಣುಯುದ್ಧ ಎಂಬುದೊಂದು ಇದೆ ಎಂದು ನಮ್ಮ ಜನರನ್ನು ನಂಬಿಸುವುದಕ್ಕೆ ನಾವು ಕೈಜೋಡಿಸುವುದಿಲ್ಲ ಎಂಬುದು ಅವುಗಳ ವಾದ. ತಾಲೀಮು ರದ್ದಾಯಿತು. ಮರುವರ್ಷ ಸರ್ಕಾರ ಈ ಕೆಲಸವನ್ನು ಕಾನೂನಿನ ಮೂಲಕ ಕಡ್ಡಾಯ ಮಾಡಬೇಕಾಗಿ ಬಂತು. ಹಲ್ಲಿಲ್ಲದ ಮಾತಿಗೆ ಸರ್ಕಾರಗಳು ಹೊಸ ನಿಯಮ ತರುವುದಿಲ್ಲ.

ಜಪಾನಿನ ಕೋಬೆಯದು ಇನ್ನೂ ಸೊಗಸಾದ ಕಥೆ. ಜಪಾನಿನಲ್ಲಿ ಬಂದರುಗಳ ಆಡಳಿತ ಸ್ಥಳೀಯ ಸಂಸ್ಥೆಗಳ ಕೈಯಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಬೆಂಕಿಬಾಂಬಿಗೆ ಸುಟ್ಟ ಊರು ಕೋಬೆ. ಯುದ್ಧ ಮುಗಿದ ಮೇಲೂ ಅದರ ಬಂದರಿನ ಒಂದು ಭಾಗವನ್ನು ಅಮೆರಿಕದ ಸೇನೆ 1970ರ ದಶಕದವರೆಗೆ ಬಳಸುತ್ತಿತ್ತು. 1975ರ ಮಾರ್ಚ್‌ನಲ್ಲಿ ಕೋಬೆ ನಗರಸಭೆ ಒಂದು ಗೊತ್ತುವಳಿ ಒಪ್ಪಿತು: ಅಣ್ವಸ್ತ್ರ ಹೊತ್ತ ಯಾವ ಹಡಗಿಗೂ ನಮ್ಮ ಬಂದರಿನಲ್ಲಿ ಜಾಗವಿಲ್ಲ. ಅದನ್ನು ಜಾರಿ ಮಾಡಿದ ರೀತಿ ಅತ್ಯಂತ ಸರಳ. ವಿದೇಶಿ ಯುದ್ಧನೌಕೆ ಬರಬೇಕಾದರೆ ಅದರಲ್ಲಿ ಅಣ್ವಸ್ತ್ರ ಇಲ್ಲ ಎಂಬ ಪ್ರಮಾಣಪತ್ರವನ್ನು ನಗರಕ್ಕೆ ಕೊಡಬೇಕು. ಒಂದು ಹಾಳೆ ಕಾಗದ, ಅಷ್ಟೇ. ಬೇರೆ ಕೆಲವು ದೇಶಗಳ ನೌಕೆಗಳು ಪತ್ರ ಕೊಟ್ಟು ಒಳಬಂದವು. ತನ್ನ ಯಾವ ಹಡಗಿನಲ್ಲಿ ಅಣ್ವಸ್ತ್ರ ಇದೆ, ಯಾವುದರಲ್ಲಿ ಇಲ್ಲ ಎಂದು ಹೇಳದಿರುವುದು ಅಮೆರಿಕದ ನೀತಿ, ಹಾಗಾಗಿ ಅದು ಪತ್ರ ಕೊಡುವಂತಿರಲಿಲ್ಲ. ಹೆಚ್ಚುಕಡಿಮೆ ಅರ್ಧ ಶತಮಾನ ಅಮೆರಿಕದ ಯುದ್ಧನೌಕೆ ಕೋಬೆಗೆ ಬರಲಿಲ್ಲ.

ಕೋಬೆಗೆ ಸಾಧ್ಯವಾದದ್ದು ಎಲ್ಲರಿಗೂ ಸಾಧ್ಯವಾಗದು. ಮ್ಯಾಸಚೂಸೆಟ್ಸ್ ರಾಜ್ಯ 1996ರಲ್ಲಿ ಬರ್ಮಾದ ಸೇನಾಡಳಿತದೊಂದಿಗೆ ವ್ಯವಹಾರ ಇಟ್ಟುಕೊಂಡ ಕಂಪನಿಗಳಿಂದ ಖರೀದಿಗೆ ಕಡಿವಾಣ ಹಾಕುವ ಕಾನೂನು ತಂದಿತು. 2000ದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಒಮ್ಮತದಿಂದ ಹೊಡೆದುಹಾಕಿತು. ಇಂಥ ನಿರ್ಬಂಧದ ವಿಷಯದಲ್ಲಿ ಸಂಸತ್ತೇ ಕಾನೂನು ಮಾಡಿರುವಾಗ ರಾಜ್ಯ ಅದಕ್ಕೆ ಅಡ್ಡ ಬರುವಂತಿಲ್ಲ ಎಂದಿತು. ಇರಾಕ್ ಯುದ್ಧದ ಹೊತ್ತಿಗೆ ಈ ತೀರ್ಪು ಎಲ್ಲ ನಗರಗಳಿಗೂ ಗೊತ್ತಿತ್ತು. ಅವು ಯಾವ ನಿರ್ಬಂಧಕ್ಕೂ ಕೈ ಹಾಕದೆ ಅಭಿಪ್ರಾಯ ಹೇಳಿ ನಿಂತವು. ಅದು ಹೆದರಿಕೆಯಲ್ಲ, ತಮ್ಮ ಗಡಿ ತಿಳಿದು ಆಡಿದ ಮಾತು.

ಎದುರು ಮಾತು

ಇಂಥ ಗೊತ್ತುವಳಿಗಳಿಂದ ಊರೇ ಒಡೆಯುತ್ತದೆ ಎಂಬುದು ವಿರೋಧಿಗಳ ಗಟ್ಟಿ ವಾದ. ಗಾಜಾದಲ್ಲಿ ಕದನವಿರಾಮ ಬೇಕು ಎಂಬ ಗೊತ್ತುವಳಿಗಳು 2023ರ ಕೊನೆಯಿಂದ ಅಮೆರಿಕದ ನಗರಸಭೆಗಳಿಗೆ ಬಂದಾಗ ಈ ವಾದದ ಬಿಸಿ ಎಲ್ಲರಿಗೂ ತಟ್ಟಿತು. 2003ರಲ್ಲಿ 46–1 ಎಂದಿದ್ದ ಅದೇ ಶಿಕಾಗೊ 2024ರ ಜನವರಿ 31ರಂದು ಸರಿಯಾಗಿ ಎರಡು ಹೋಳಾಯಿತು; 23–23 ಸಮ ಬಂದು ಮೇಯರ್ ಬ್ರ್ಯಾಂಡನ್ ಜಾನ್ಸನ್ ಅವರ ಒಂದು ಮತದಿಂದ ಗೊತ್ತುವಳಿ ಗೆದ್ದಿತು. ಅಕ್ಕಪಕ್ಕದ ಮನೆಗಳಲ್ಲಿದ್ದ ಯೆಹೂದಿ, ಪ್ಯಾಲೆಸ್ಟೀನಿ ಕುಟುಂಬಗಳು ಒಂದೇ ಸಭಾಂಗಣದಲ್ಲಿ ಎದುರುಬದುರಾದವು. ಎರಡೂ ಕಡೆ ಸತ್ತವರಿದ್ದರು, ಅವರ ನಂಟರು ಆ ಊರಿನಲ್ಲಿದ್ದರು.

ಈ ಒಡಕನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಒಡಕು ಸಭೆಯಲ್ಲಿ ಹುಟ್ಟಿದ್ದಲ್ಲ, ಬೀದಿಯಲ್ಲಿ ಆಗಲೇ ಇತ್ತು. ಸಭೆಯಲ್ಲಿ ಸರದಿ ಇದೆ, ಸಮಯದ ಮಿತಿ ಇದೆ, ಎದುರಾಳಿಯ ಮಾತು ಮುಗಿಯುವ ತನಕ ಸುಮ್ಮನಿರಬೇಕು ಎಂಬ ನಿಯಮ ಇದೆ. ಬೀದಿಯಲ್ಲಿ ಇದು ಯಾವುದೂ ಇಲ್ಲ. ಇನ್ನೊಂದು ಭಯ ನನಗೆ ಹೆಚ್ಚು ದೊಡ್ಡದು: ಯುದ್ಧ ಬೇಡ ಎನ್ನುವ ಸಭೆ ನಾಳೆ ಉನ್ಮಾದಕ್ಕೆ ಸಿಕ್ಕಿ ಯುದ್ಧ ಬೇಕು ಎಂದೂ ಕೂಗಬಹುದು. ಅದಕ್ಕೇ ವರ್ಮಾಂಟಿನ ಮಾದರಿ ನನಗೆ ಹೆಚ್ಚು ಹಿಡಿಸುವುದು. ನಮ್ಮ ಊರಿಗೆ ಏನಾಗುತ್ತದೆ ಎಂಬ ಲೆಕ್ಕದಿಂದ ಶುರುವಾದ ಮಾತು ಉನ್ಮಾದಕ್ಕೆ ಅಷ್ಟು ಬೇಗ ತಿರುಗುವುದಿಲ್ಲ.

ಇಷ್ಟೆಲ್ಲ ಗೊತ್ತುವಳಿಗಳಾದರೂ ಇರಾಕ್ ಯುದ್ಧ ನಿಲ್ಲಲಿಲ್ಲ. ಸುಮಾರು 4,500 ಅಮೆರಿಕನ್ ಸೈನಿಕರು ಸತ್ತರು. ಒಬ್ಬೊಬ್ಬರ ಸಾವನ್ನೂ ದಾಖಲೆ ನೋಡಿ ಎಣಿಸಿದವರ ಲೆಕ್ಕದಲ್ಲೇ ಇರಾಕಿ ನಾಗರಿಕರ ಸಂಖ್ಯೆ ಒಂದು ಲಕ್ಷ ದಾಟಿತು. 2004ರ ಅಕ್ಟೋಬರ್‌ನಲ್ಲಿ ಅಮೆರಿಕದ್ದೇ ಶೋಧ ತಂಡ ವರದಿ ಕೊಟ್ಟಿತು: ಇರಾಕಿನಲ್ಲಿ ಸಾಮೂಹಿಕ ನಾಶದ ಅಸ್ತ್ರಗಳ ದಾಸ್ತಾನು ಇರಲಿಲ್ಲ. 46 ಸದಸ್ಯರು ಕೇಳಿದ ರುಜುವಾತು ಕೊನೆಗೂ ಸಿಗಲಿಲ್ಲ, ಸಿಗಲು ಅದು ಇರಲೇ ಇಲ್ಲ. 2011ರ ಜೂನ್‌ನಲ್ಲಿ ಅಮೆರಿಕದ ಮೇಯರ್‌ಗಳ ಸಮ್ಮೇಳನ ಬಾಲ್ಟಿಮೋರ್‌ನಲ್ಲಿ ಸೇರಿ ಯುದ್ಧಗಳನ್ನು ಮುಗಿಸಿ ಆ ಹಣವನ್ನು ಊರುಗಳಿಗೆ ತನ್ನಿ ಎಂದಿತು. ವಿಯೆಟ್ನಾಂ ಕಾಲದ ನಂತರ ಮೇಯರ್‌ಗಳ ಸಮ್ಮೇಳನ ಇಂಥ ಮಾತು ಆಡಿದ್ದು ಅದೇ ಮೊದಲು. ಬಾಲ್ಟಿಮೋರ್, ಕಾನ್ಸಾಸ್ ಸಿಟಿಗಳನ್ನು ಬಿಟ್ಟು ಬಾಗ್ದಾದ್, ಕಂದಹಾರ್‌ಗಳಲ್ಲಿ ಸೇತುವೆ ಕಟ್ಟುವುದು ತನ್ನ ಬುದ್ಧಿಗೆ ನಿಲುಕದು ಎಂದರು ಸಮ್ಮೇಳನದ ಅಧ್ಯಕ್ಷರಾಗಿದ್ದ ಲಾಸ್ ಏಂಜಲೀಸ್ ಮೇಯರ್ ಆಂಟೋನಿಯೊ ವಿಯರೈಗೋಸ.

ನಮ್ಮ ಕಡೆ

ನಮ್ಮ ಸಂವಿಧಾನದಲ್ಲಿ ವಿದೇಶಾಂಗ ವ್ಯವಹಾರವೂ ಯುದ್ಧ–ಶಾಂತಿಯೂ ಕೇಂದ್ರ ಪಟ್ಟಿಯಲ್ಲಿವೆ, ಏಳನೇ ಅನುಸೂಚಿಯ 10 ಮತ್ತು 15ನೇ ನಮೂದುಗಳಲ್ಲಿ. ಪಂಚಾಯಿತಿಗಳಿಗೆ ಹನ್ನೊಂದನೇ ಅನುಸೂಚಿಯ 29 ವಿಷಯ, ನಗರಸಭೆಗಳಿಗೆ ಹನ್ನೆರಡನೇ ಅನುಸೂಚಿಯ 18 ವಿಷಯ. ಅವುಗಳಲ್ಲಿ ಯುದ್ಧ ಎಲ್ಲೂ ಇಲ್ಲ. 2003ರಲ್ಲಿ ಇರಾಕ್ ದಾಳಿಯನ್ನು ಖಂಡಿಸಿ ಏಪ್ರಿಲ್ 8ರಂದು ಗೊತ್ತುವಳಿ ಮಾಡಿದ್ದು ಲೋಕಸಭೆ, ಆಗ ಯುದ್ಧ ಶುರುವಾಗಿ ಮೂರು ವಾರವಾಗುತ್ತ ಬಂದಿತ್ತು. ಅಮೆರಿಕ ಕೇಳಿದರೂ ಸೇನೆ ಕಳಿಸುವುದಿಲ್ಲ ಎಂದು ಜುಲೈನಲ್ಲಿ ನಿರ್ಧರಿಸಿದ್ದು ವಾಜಪೇಯಿ ಅವರ ಸರ್ಕಾರ. ಊರಿನ ಮಟ್ಟದಲ್ಲಿ ವಿದೇಶಿ ಯುದ್ಧದ ಬಗ್ಗೆ ನಿಲುವು ಕಂಡದ್ದು ಕಲ್ಕತ್ತದಲ್ಲಿ: ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಕಾನ್ಸುಲೇಟ್ ಇರುವ ಹ್ಯಾರಿಂಗ್ಟನ್ ಸ್ಟ್ರೀಟಿಗೆ ಹೋ ಚಿ ಮಿನ್ ಹೆಸರಿಟ್ಟರು. ಇಂದಿಗೂ ಆ ಕಾನ್ಸುಲೇಟಿನ ವಿಳಾಸ ಅದೇ. ಯುದ್ಧ ತಪ್ಪಿಸುವ ಕೆಲಸ ಅದಲ್ಲವಾದ್ದರಿಂದ ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ.

ಹೊರದೇಶದ ಯುದ್ಧ ಕರ್ನಾಟಕಕ್ಕೆ ದೂರದ್ದೇನಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ಅವರಲ್ಲಿ ಮಂಗಳೂರು, ಉಡುಪಿ ಕಡೆಯವರು ಬಹಳ. ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿದವರನ್ನು ಏರ್ ಇಂಡಿಯಾ ಎರಡು ತಿಂಗಳ ಕಾಲ ನೂರಾರು ಹಾರಾಟಗಳಲ್ಲಿ ಮುಂಬೈಗೆ ತಂದಿತು. ಉಟ್ಟ ಬಟ್ಟೆಯಲ್ಲಿ ಊರು ಸೇರಿದವರ ಮನೆಗಳಲ್ಲಿ ಅರ್ಧ ಕಟ್ಟಿದ ಗೋಡೆಗಳು ಹಾಗೇ ನಿಂತವು, ತಂಗಿಯರ ಮದುವೆ ಮುಂದೆ ಹೋಯಿತು. ಆ ಯುದ್ಧ ಏರಿಸಿದ ತೈಲದ ಬೆಲೆ, ನಿಂತುಹೋದ ಕೊಲ್ಲಿಯ ಹಣ ಎರಡೂ ಸೇರಿ ದೇಶದ ವಿದೇಶಿ ವಿನಿಮಯ ಬರಿದಾಗಲು ಕಾರಣವಾದವು. 1991ರಲ್ಲಿ ರಿಸರ್ವ್ ಬ್ಯಾಂಕಿನ ಚಿನ್ನ ಲಂಡನ್ನಿಗೆ ಅಡವಿಗೆ ಹೋಯಿತು. ಕೊಲ್ಲಿಯಲ್ಲಿ ಇಂದು ಯುದ್ಧದ ಸುದ್ದಿ ಬಂದರೆ ಮೊದಲು ಫೋನು ಹೋಗುವುದು ಭಟ್ಕಳ, ಕಾಪು, ಬಂಟ್ವಾಳದ ಮನೆಗಳಿಂದ. ಕರಾವಳಿಯ ಪಂಚಾಯಿತಿ, ಪುರಸಭೆಗಳು ತಮ್ಮ ವಾರ್ಡಿನಿಂದ ಎಷ್ಟು ಮಂದಿ ಅಲ್ಲಿದ್ದಾರೆ, ಅವರು ಮರಳಿದರೆ ಊರಿಗೆ ಏನಾಗುತ್ತದೆ ಎಂದು ಲೆಕ್ಕ ಹಾಕಿ, ಯುದ್ಧ ಬೇಡ, ಸಂಧಾನಕ್ಕೆ ಯತ್ನಿಸಿ ಎಂದು ದೆಹಲಿಗೆ ಒಂದು ಗೊತ್ತುವಳಿ ಕಳಿಸಿದರೆ ಅದು ಅಧಿಕಪ್ರಸಂಗವಾಗದು. ಸಂವಿಧಾನ ಅವರಿಗೆ ಯುದ್ಧ ಸಾರುವ ಅಧಿಕಾರ ಕೊಟ್ಟಿಲ್ಲ. ಅಹವಾಲು ಹೇಳಬೇಡಿ ಎಂದೂ ಅಂದಿಲ್ಲ.

ಅಹವಾಲು ಹೇಳಲು ಮೊದಲು ಸಭೆ ಇರಬೇಕು. ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ನಗರವನ್ನು ನಡೆಸಿದ್ದು ಆಡಳಿತಾಧಿಕಾರಿಗಳು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಅಲ್ಲೂ ಇದೇ ಆಯಿತು. ಒಂದು ಕೋಟಿಗೂ ಮೀರಿದ ಜನರ ಊರಿನಲ್ಲಿ ಯುದ್ಧದ ಮಾತು ಹಾಗಿರಲಿ, ಗುಂಡಿಯ ದೂರಿಗೂ ಎದ್ದು ನಿಂತು ಕೇಳುವ ಒಂದು ಸಭೆ ಇರಲಿಲ್ಲ. ಮುಂದಿನ ಸಲ ಮತ ಕೇಳಲು ಬಂದವರನ್ನು ಓದುಗರು ಮೊದಲು ಕೇಳಬೇಕಾದ ಪ್ರಶ್ನೆ ಇದು: ನಮ್ಮ ಸಭೆಯನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದು ಏಕೆ?